ಕಂಚಿಗೆ ಓದಲು ಹೋದವನು ಅರಸನಾದ ಕತೆ

ನಮ್ಮ ಸುತ್ತಮುತ್ತ ಅರಸು ಮನೆತನಗಳ ಹೆಸರಿಗೆ ಬರವಿಲ್ಲ. ಮೂಡುಬಿದಿರೆಗೆ ಹೋದರೆ ಚೌಟರು, ವೇಣೂರಿಗೆ ಹೋದರೆ ಅಜಿಲರು, ಬಂಗಾಡಿಯ ಕಡೆಗೆ ಬಂಗರು, ನಮ್ಮ ವಿಟ್ಲದಲ್ಲಿ ಡೊಂಬ ಹೆಗ್ಗಡೆಯವರು. ಜಾತ್ರೆ, ಬಸದಿ, ಅರಮನೆ ಎಂದು ಮಾತು ಬಂದಾಗಲೆಲ್ಲ ಹಿರಿಯರ ಬಾಯಲ್ಲಿ ಈ ಹೆಸರುಗಳು ಬರುತ್ತವೆ. ಅರಸ ಎಂದರೆ ಅರಸರ ಮನೆಯಲ್ಲಿ ಹುಟ್ಟಿದವನು ಎಂದೇ ನಾವೆಲ್ಲ ತಿಳಿದಿರುತ್ತೇವೆ. ಹಾಗಾದರೆ ಒಂದು ಮನೆತನದ ಮೊತ್ತಮೊದಲ ಅರಸ ಎಲ್ಲಿಂದ ಬಂದ? ಅವನ ಅಪ್ಪನಾಗಲಿ ಸೋದರಮಾವನಾಗಲಿ ಅರಸನಾಗಿರಲಿಲ್ಲವಲ್ಲ! ಸುಮಾರು 1,700 ವರ್ಷಗಳ ಹಿಂದೆ ಕನ್ನಡದ ಮಣ್ಣಿನಲ್ಲಿ ಹೀಗೆ ಮೊದಲಿಗನಾದ ಒಬ್ಬ ತರುಣನಿದ್ದ. ಅವನ ಕೈಯಲ್ಲಿ ಮೊದಲು ಇದ್ದದ್ದು ದರ್ಭೆ ಮತ್ತು ಸಮಿತ್ತು. ಕತ್ತಿ ಬಂದದ್ದು ಆಮೇಲೆ. ಅವನೇ ಬನವಾಸಿಯ ಕದಂಬ ರಾಜ್ಯವನ್ನು ಸ್ಥಾಪಿಸಿದ ಮಯೂರಶರ್ಮ.

ಮಯೂರ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬರುವುದು ಡಾ. ರಾಜಕುಮಾರ್. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ 1975ರಲ್ಲಿ ತೆರೆಗೆ ಬಂದ ಆ ಸಿನಿಮಾವನ್ನು ನಮ್ಮ ಅಪ್ಪ ಅಮ್ಮಂದಿರು ಟಾಕೀಸಿನಲ್ಲಿ ನೋಡಿದ್ದರೆ, ನಾವು ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ್ದೇವೆ. ಸಿನಿಮಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಮಯೂರನ ಬದುಕು ಇನ್ನೂ ಸ್ವಾರಸ್ಯವಾಗಿದೆ. ಅದರ ಕೊನೆಯಂತೂ ನಾವು ನಿರೀಕ್ಷಿಸಿದ ಹಾಗೆ ಇಲ್ಲ.

ಆ ಕಲ್ಲು ಇರುವುದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿಗೆ. ಅದೊಂದು ಕಂಬದ ಶಾಸನ. ಭಾಷೆ ಸಂಸ್ಕೃತ. ಮಯೂರಶರ್ಮನ ವಂಶದ ಶಾಂತಿವರ್ಮ ಎಂಬ ಅರಸನ ಕಾಲದಲ್ಲಿ, ಅಂದರೆ ಕ್ರಿ.ಶ. 5ನೇ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ಅದನ್ನು ರಚಿಸಿದ. ಕಲ್ಲಿನ ಮೇಲೆ ಬರೆದವನೂ ಅವನೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಿ.ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಹುಡುಕುತ್ತಾ ಊರೂರು ಸುತ್ತಿದಾಗ ಈ ಕಂಬ ವಿದ್ವಾಂಸರ ಗಮನಕ್ಕೆ ಬಂತು. ಅದು ಇಲ್ಲದಿದ್ದರೆ ಮಯೂರಶರ್ಮ ನಮಗೆ ಬರೀ ಅಜ್ಜಿಕತೆಯ ಅರಸನಾಗಿ ಉಳಿಯುತ್ತಿದ್ದ.

ಶಾಸನ ಹೇಳುವಂತೆ ಮಯೂರನದು ಮಾನವ್ಯ ಗೋತ್ರದ ಬ್ರಾಹ್ಮಣ ಕುಟುಂಬ. ಮನೆಯ ಹತ್ತಿರ ಒಂದು ಕದಂಬ ಮರವಿತ್ತು. ಅದನ್ನು ಅಕ್ಕರೆಯಿಂದ ಸಾಕಿ ಬೆಳೆಸುತ್ತಿದ್ದುದರಿಂದ ಮನೆಯವರಿಗೆ ಆ ಮರದ ಹೆಸರೇ ನಿಂತಿತು. ಮುಂದೆ ಒಂದು ರಾಜವಂಶವೇ ಆ ಹೆಸರಿನಿಂದ ಕರೆಸಿಕೊಂಡಿತು. ಮನೆಗೆ ಮರದ ಹೆಸರು ಬರುವುದು ನಮಗೆ ಹೊಸತೇನಲ್ಲ. ಪಲ್ಕೆ, ಮಜಲು ಎಂದು ಜಾಗದ ಗುರುತಿನಿಂದಲೇ ಮನೆಗಳಿಗೆ ಹೆಸರಿಡುವ ನಾಡು ನಮ್ಮದು. ವೇದ ಓದುವುದು, ಓದಿಸುವುದು, ಹೋಮ ಹವನ ಮಾಡುವುದು ಈ ಕುಟುಂಬದ ಕೆಲಸ. ಮಯೂರನೂ ಅದೇ ದಾರಿಯಲ್ಲಿ ಹೊರಟ.

ಊರಿನಲ್ಲಿ ಕಲಿಯುವುದು ಮುಗಿದ ಮೇಲೆ ಹೆಚ್ಚಿನ ಓದಿಗಾಗಿ ಅವನು ಹೋದದ್ದು ಕಂಚಿಗೆ. ಜೊತೆಯಲ್ಲಿ ಗುರು ವೀರಶರ್ಮ. ಕಂಚಿ ಪಲ್ಲವರ ರಾಜಧಾನಿ. ಅಲ್ಲಿ ಘಟಿಕೆ ಎಂದು ಕರೆಯುತ್ತಿದ್ದ ದೊಡ್ಡ ವಿದ್ಯಾಕೇಂದ್ರವಿತ್ತು. ಮಲೆನಾಡಿನ ಅಂಚಿನ ತಾಳಗುಂದದಿಂದ ಕಂಚಿ ಇಂದಿನ ರಸ್ತೆಯ ಲೆಕ್ಕದಲ್ಲೂ ಐನೂರು ಕಿಲೋಮೀಟರಿಗಿಂತ ಹೆಚ್ಚು. ಬಸ್ಸು, ರೈಲು ಇಲ್ಲದ ಆ ಕಾಲದಲ್ಲಿ ಕಾಡು, ಹೊಳೆ, ಬಯಲು ದಾಟಿ ಒಬ್ಬ ಹುಡುಗ ಓದಿಗಾಗಿ ಅಷ್ಟು ದೂರ ಹೋದ ಎಂದರೆ ಅವನಿಗೆ ಓದಿನ ಹಸಿವು ಎಷ್ಟಿದ್ದಿರಬೇಕು! ಅವನು ಊರು ಬಿಡುವಾಗ ಅರಸನಾಗುವ ಕನಸು ಕಂಡಿರಲಿಲ್ಲ. ವಿದ್ವಾಂಸನಾಗಿ ಮರಳಬೇಕೆಂಬುದೇ ಅವನ ಗುರಿ.

ಆದರೆ ಕಂಚಿಯಲ್ಲಿ ಜಗಳವೊಂದು ನಡೆಯಿತು. ಎದುರಾಳಿ ಪಲ್ಲವರ ಕುದುರೆ ಪಡೆಗೆ ಸೇರಿದವನು. ಜಗಳ ಯಾಕೆ ಶುರುವಾಯಿತು ಎಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ಜಗಳ ಜೋರಾಗಿತ್ತು, ಮಯೂರನಿಗೆ ಬಹಳ ಸಿಟ್ಟು ಬಂತು ಎಂದಷ್ಟೇ ಹೇಳುತ್ತದೆ. ಕಾರಣಕ್ಕಿಂತ ಮಯೂರನ ಮನಸ್ಸಿನಲ್ಲಿ ಎದ್ದ ಯೋಚನೆಗೆ ಕವಿ ಹೆಚ್ಚು ಜಾಗ ಕೊಟ್ಟಿದ್ದಾನೆ. ಗುರುವಿನ ಮನೆಯಲ್ಲಿ ಎಷ್ಟೇ ಶ್ರದ್ಧೆಯಿಂದ ಕಲಿತರೂ, ಎಷ್ಟೇ ಶಾಖೆಗಳನ್ನು ಅಭ್ಯಾಸ ಮಾಡಿದರೂ, ಕೊನೆಗೆ ಓದಿದವನ ಮಾನವೂ ಅರಸನ ಕೈಯಲ್ಲೇ ಇರುವುದಾದರೆ ಇದಕ್ಕಿಂತ ದುಃಖ ಬೇರೆ ಏನಿದೆ ಎಂದು ಅವನಿಗೆ ಅನಿಸಿತು. ಶಾಸನ ಇದನ್ನು ಬ್ರಾಹ್ಮಣ, ಕ್ಷತ್ರಿಯ ಎಂಬ ಆ ಕಾಲದ ಮಾತಿನಲ್ಲಿ ಹೇಳುತ್ತದೆ. ಇಂದಿನ ನಾವು ಅದನ್ನು ಬೇರೆ ರೀತಿ ಓದಬಹುದು. ದೂರದ ಊರಿಗೆ ಓದಲು ಹೋದ ಒಬ್ಬ ಹುಡುಗ, ಅಧಿಕಾರದ ಕುದುರೆಯ ಮೇಲೆ ಕೂತ ಒಬ್ಬನ ಎದುರು ತಾನು ಏನೂ ಅಲ್ಲ ಎಂದು ಕಂಡುಕೊಂಡ ಕ್ಷಣ ಅದು.

ಇಂಥ ಅವಮಾನ ಆದಾಗ ಮನುಷ್ಯನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಒಂದು, ನುಂಗಿಕೊಂಡು ಸುಮ್ಮನಿರುವುದು. ಇನ್ನೊಂದು, ಆ ಹೊತ್ತಿನಲ್ಲೇ ಕೈಗೆ ಸಿಕ್ಕಿದ್ದನ್ನು ತೆಗೆದು ಬಾರಿಸಿ ಮುಗಿಸುವುದು. ಮಯೂರ ಎರಡನ್ನೂ ಮಾಡಲಿಲ್ಲ. ದರ್ಭೆ, ಸಮಿತ್ತು, ಸ್ರುವ, ತುಪ್ಪ ಹಿಡಿದು ಪಳಗಿದ್ದ ಕೈಯಿಂದ ಅವನು ಕತ್ತಿಯನ್ನು ಹಿರಿದ ಎಂದು ಕವಿ ಬಣ್ಣಿಸುತ್ತಾನೆ. ಆದರೆ ಕಂಚಿಯ ಬೀದಿಯಲ್ಲಿ ಆ ಒಬ್ಬ ಸವಾರನನ್ನು ಕಡಿದು ಸೇಡು ತೀರಿಸಿಕೊಂಡ ಎಂದು ಶಾಸನ ಹೇಳುವುದಿಲ್ಲ. ಅವನ ಸಿಟ್ಟು ಒಬ್ಬ ವ್ಯಕ್ತಿಯ ಮೇಲೆ ನಿಲ್ಲದೆ, ಆ ವ್ಯಕ್ತಿಗೆ ಬಲ ಕೊಟ್ಟ ವ್ಯವಸ್ಥೆಯ ಕಡೆಗೆ ತಿರುಗಿತು.

ಅವನು ಮೊದಲು ಹೊಡೆದದ್ದು ಪಲ್ಲವರ ಗಡಿ ಕಾಯುವ ಪಡೆಯನ್ನು. ರಾಜಧಾನಿಗೆ ನುಗ್ಗುವ ಹುಚ್ಚುತನ ಮಾಡಲಿಲ್ಲ. ಗಡಿಯವರನ್ನು ಸೋಲಿಸಿ, ಶ್ರೀಪರ್ವತದ ದಟ್ಟ ಕಾಡಿಗೆ ಹೋಗಿ ನೆಲೆಸಿದ. ಶ್ರೀಪರ್ವತ ಎಂದರೆ ಇಂದಿನ ಆಂಧ್ರದ ಶ್ರೀಶೈಲ. ನಲ್ಲಮಲ ಬೆಟ್ಟಗಳ ಸಾಲು, ಕೆಳಗೆ ಆಳದಲ್ಲಿ ಹರಿಯುವ ಕೃಷ್ಣೆ. ಅಂಥ ಜಾಗದಲ್ಲಿ ದೊಡ್ಡ ಸೈನ್ಯಕ್ಕೆ ಹರಡಿಕೊಳ್ಳಲು ಸ್ಥಳವಿಲ್ಲ, ಕುದುರೆಗೆ ಓಡಲು ಬಯಲಿಲ್ಲ. ಕಂಚಿಯಲ್ಲಿ ಯಾವ ಕುದುರೆಯ ಎದುರು ಅವನು ಚಿಕ್ಕವನಾಗಿದ್ದನೋ, ಆ ಕುದುರೆಯೇ ಕೆಲಸಕ್ಕೆ ಬಾರದ ನೆಲವನ್ನು ಅವನು ಆರಿಸಿಕೊಂಡ.

ಕಾಡಿನಲ್ಲಿ ಕೂತವನು ಸುಮ್ಮನಿರಲಿಲ್ಲ. ಸುತ್ತಲಿನ ಅರಸರಿಂದ, ಮುಖ್ಯವಾಗಿ ಬೃಹದ್ಬಾಣ ಎಂದು ಶಾಸನ ಕರೆಯುವ ಬಾಣ ಅರಸನಿಂದ, ಕಪ್ಪ ವಸೂಲಿ ಮಾಡತೊಡಗಿದ. ಇದನ್ನು ನಾವು ಹೂವಿನಂತೆ ಹೇಳಬೇಕಾಗಿಲ್ಲ. ಕಪ್ಪ ಎಂದರೆ ಕೊನೆಗೆ ಯಾವುದೋ ಹೊಲದಲ್ಲಿ ದುಡಿದವನ ಧಾನ್ಯವೇ. ಗಡಿ ಕಾಯುತ್ತಿದ್ದು ಸತ್ತ ಸೈನಿಕರಿಗೂ ಮನೆ ಮಕ್ಕಳು ಇದ್ದಿರಲೇಬೇಕು. ಗೆದ್ದವರ ಶಾಸನದಲ್ಲಿ ಅವರ ಹೆಸರುಗಳು ಬರುವುದಿಲ್ಲ. ಕಂಚಿಯವರೆಗೆ ಶಿಷ್ಯನ ಜೊತೆ ನಡೆದು ಬಂದ ಗುರು ವೀರಶರ್ಮನ ಹೆಸರೂ ಅಲ್ಲಿಂದ ಮುಂದೆ ಕಾಣುವುದಿಲ್ಲ. ಶಿಷ್ಯ ಪುಸ್ತಕ ಬಿಟ್ಟು ಕಾಡಿಗೆ ಹೋದಾಗ ಆ ಹಿರಿಯರಿಗೆ ಏನನಿಸಿರಬಹುದು ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಕೊನೆಗೆ ಪಲ್ಲವರು ಸೈನ್ಯ ಕಟ್ಟಿಕೊಂಡು ಬಂದರು. ಮಯೂರ ಎದುರಾಎದುರು ನಿಂತು ಕಾದಾಡುವ ಬದಲು ರಾತ್ರಿ ಹೊತ್ತು, ಸೈನ್ಯ ನಡೆಯುತ್ತಿರುವಾಗ, ಏರುತಗ್ಗಿನ ಜಾಗಗಳಲ್ಲಿ ಗಿಡುಗನಂತೆ ಎರಗಿದ. ನಾವು ಈಗ ಗೆರಿಲ್ಲಾ ಯುದ್ಧ ಎನ್ನುವುದು ಇದನ್ನೇ. ಎಷ್ಟು ಕಾಲ ಹೀಗೆ ನಡೆಯಿತು ಎಂದು ವರ್ಷ ಲೆಕ್ಕ ಹಾಕಿ ಕವಿ ಹೇಳಿಲ್ಲ. ಆದರೆ ಪಲ್ಲವರಿಗೆ ಸಾಕು ಸಾಕಾಯಿತು ಎಂಬುದು ಗೊತ್ತಾಗುತ್ತದೆ. ಅದೇ 4ನೇ ಶತಮಾನದ ನಡುವಿನಲ್ಲಿ ಉತ್ತರದ ಗುಪ್ತ ಚಕ್ರವರ್ತಿ ಸಮುದ್ರಗುಪ್ತ ದಕ್ಷಿಣಕ್ಕೆ ದಂಡೆತ್ತಿ ಬಂದಿದ್ದ. ಅವನಿಂದ ಸೋತವರ ಪಟ್ಟಿಯಲ್ಲಿ ಕಂಚಿಯ ವಿಷ್ಣುಗೋಪನ ಹೆಸರೂ ಇದೆ. ಪಲ್ಲವರು ಹೀಗೆ ಬಲ ಕುಂದಿದ್ದ ಹೊತ್ತೇ ಮಯೂರನಿಗೆ ಅನುಕೂಲವಾಯಿತು ಎಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಧೈರ್ಯದ ಜೊತೆಗೆ ಕಾಲವೂ ಕೂಡಿ ಬರಬೇಕು ಎನ್ನುವುದು ಇದಕ್ಕೇ.

ಸಿನಿಮಾ ಆಗಿದ್ದರೆ ಈಗ ಮಯೂರ ಕಂಚಿಯ ಕೋಟೆಯ ಮೇಲೆ ತನ್ನ ಬಾವುಟ ಹಾರಿಸಬೇಕು. ತಾಳಗುಂದದ ಕಲ್ಲು ಹೇಳುವುದು ಬೇರೆ. ಇಷ್ಟು ಪರಾಕ್ರಮಿಯಾದ, ಒಳ್ಳೆಯ ಕುಲದವನಾದ ಇವನನ್ನು ನಾಶ ಮಾಡುವುದರಿಂದ ಲಾಭವಿಲ್ಲ ಎಂದು ಕಂಚಿಯ ಅರಸರು ಯೋಚಿಸಿದರು. ಅವನನ್ನು ಗೆಳೆಯನನ್ನಾಗಿ ಮಾಡಿಕೊಂಡರು. ಮಯೂರ ಒಪ್ಪಿದ. ಒಪ್ಪಿದ್ದು ಮಾತ್ರವಲ್ಲ, ಅದೇ ಪಲ್ಲವರ ಸೇವೆಗೆ ಸೇರಿ ಯುದ್ಧಗಳಲ್ಲಿ ಪರಾಕ್ರಮ ತೋರಿಸಿ ಅವರ ಮೆಚ್ಚುಗೆ ಗಳಿಸಿದ. ಕೊನೆಗೆ ಪಲ್ಲವರೇ ತಮ್ಮ ಕೈಯಿಂದ ಅವನಿಗೆ ಪಟ್ಟ ಕಟ್ಟಿದರು. ಪಡುವಣ ಕಡಲಿನಿಂದ ಪ್ರೇಹರಾ ಎಂಬ ಎಲ್ಲೆಯ ತನಕದ ನಾಡು ಅವನದಾಯಿತು. ಬೇರೆ ಯಾರೂ ಅಲ್ಲಿ ಕಾಲಿಡಬಾರದು ಎಂಬ ಕರಾರೂ ಆಯಿತು. ಸಾಮಾನ್ಯವಾಗಿ ಈ ಘಟನೆಯನ್ನು ಕ್ರಿ.ಶ. 345ರ ಸುಮಾರಿಗೆ ಇಡುತ್ತಾರೆ. ಷಣ್ಮುಖನೇ ಅವನಿಗೆ ಸೇನಾಪತಿಯ ಅಭಿಷೇಕ ಮಾಡಿದ ಎಂದೂ ಕವಿ ಸೇರಿಸುತ್ತಾನೆ. ಸುಬ್ರಹ್ಮಣ್ಯನನ್ನು ನಂಬುವ ನಮ್ಮ ಕಡೆಯವರಿಗೆ ಈ ಮಾತು ಹತ್ತಿರವೆನಿಸಬಹುದು.

ಇದನ್ನು ಮೊದಲ ಬಾರಿ ಓದುವಾಗ ಸ್ವಲ್ಪ ನಿರಾಸೆಯಾಗುತ್ತದೆ. ಯಾರ ವಿರುದ್ಧ ಕತ್ತಿ ಎತ್ತಿದನೋ ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡನೇ? ಇದು ರಾಜಿಯಲ್ಲವೇ? ಅವಮಾನ ಮಾಡಿದವರ ಜೊತೆ ಕೈಕುಲುಕುವುದಾದರೆ ಅಷ್ಟು ವರ್ಷದ ಕಾಡುವಾಸ ಯಾಕೆ ಬೇಕಿತ್ತು?

ನಿಧಾನವಾಗಿ ಯೋಚಿಸಿದರೆ ಮಯೂರನ ದೊಡ್ಡತನ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಅವನಿಗೆ ಬೇಕಾಗಿದ್ದದ್ದು ಕಂಚಿಯ ನಾಶವಲ್ಲ. ಇನ್ನೊಬ್ಬರ ಕುದುರೆ ನೋಡಿ ದಾರಿ ಬಿಡಬೇಕಾಗಿಲ್ಲದ ತನ್ನದೇ ನೆಲ ಅವನಿಗೆ ಬೇಕಿತ್ತು. ಅದು ಸಿಕ್ಕಿದ ದಿನ ಅವನು ಕತ್ತಿ ಕೆಳಗಿಟ್ಟ. ಸಿಟ್ಟಿಗೆ ಹೊರಡುವುದು ಗೊತ್ತಿರುತ್ತದೆ, ನಿಲ್ಲುವುದು ಗೊತ್ತಿರುವುದಿಲ್ಲ. ಕಾಡಿನಲ್ಲಿ ಕೂತು ಕಪ್ಪ ವಸೂಲಿ ಮಾಡುವವನಾಗಿಯೇ ಅವನು ಕೊನೆಯವರೆಗೆ ಉಳಿದಿದ್ದರೆ, ಒಂದಲ್ಲ ಒಂದು ದಿನ ಯಾವುದೋ ಸೈನ್ಯಕ್ಕೆ ಸಿಕ್ಕಿ ಸಾಯುತ್ತಿದ್ದ. ಅವನ ಹೆಸರು ಪಲ್ಲವರ ಶಾಸನದಲ್ಲಿ ಒಬ್ಬ ದರೋಡೆಕೋರನ ಹೆಸರಾಗಿ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ದಂಗೆಕೋರನಾಗಿದ್ದವನು ಆಡಳಿತಗಾರನಾದದ್ದು ಆ ಒಪ್ಪಂದದ ದಿನ.

ರಾಜಧಾನಿಯಾದದ್ದು ವರದಾ ನದಿಯ ದಂಡೆಯ ಬನವಾಸಿ. ಅದು ಹೊಸ ಊರಲ್ಲ. ಅವನಿಗಿಂತ ಮೊದಲೇ ಸಾತವಾಹನರು, ಚುಟು ಅರಸರು ಅಲ್ಲಿ ಆಳಿದ್ದರು. ಗ್ರೀಕ್ ಭೂಗೋಳಕಾರ ಟಾಲೆಮಿಯ ಬರಹದಲ್ಲೂ ಬನವಾಸಿಯ ಹೆಸರಿದೆ. ಆದರೆ ಕನ್ನಡದ ನೆಲದಲ್ಲೇ ಹುಟ್ಟಿ, ಅಲ್ಲೇ ರಾಜಧಾನಿ ಮಾಡಿಕೊಂಡು ಆಳಿದ ಮೊದಲ ರಾಜವಂಶ ಎಂಬ ಗೌರವ ಕದಂಬರಿಗೆ ಸಲ್ಲುತ್ತದೆ. ಮಯೂರ ಕಟ್ಟಿದ್ದು ಸುಮಾರು ಇನ್ನೂರು ವರ್ಷ ನಿಂತಿತು. 6ನೇ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರು ಬಲಿಯುವವರೆಗೂ ಬನವಾಸಿಯಲ್ಲಿ ಕದಂಬರೇ ಅರಸರು. ಅವನ ಮರಿಮೊಮ್ಮಗ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮುಂತಾದ ದೊಡ್ಡ ರಾಜಮನೆತನಗಳಿಗೆ ಮದುವೆ ಮಾಡಿ ಕೊಟ್ಟ ಎಂದು ತಾಳಗುಂದದ ಶಾಸನವೇ ಹೇಳುತ್ತದೆ. ಕಂಚಿಯಲ್ಲಿ ಒಬ್ಬ ಸವಾರನ ಎದುರು ಸಣ್ಣವನಾಗಿದ್ದ ಹುಡುಗನ ಮನೆಯವರು ನೂರು ವರ್ಷದೊಳಗೆ ಭಾರತದ ಚಕ್ರವರ್ತಿಗಳಿಗೆ ಬೀಗರಾದರು!

ಅವನ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಸಿನಿಮಾದಲ್ಲಿ, ಜನರ ಬಾಯಲ್ಲಿ ಅವನು ಮಯೂರವರ್ಮ. ಶರ್ಮ ಎಂಬುದು ಬ್ರಾಹ್ಮಣರ ಹೆಸರಿನ ಕೊನೆ, ವರ್ಮ ಎಂಬುದು ಕ್ಷತ್ರಿಯರದು. ತಾಳಗುಂದದ ಶಾಸನದಲ್ಲಿ ಅವನ ಮಗ ಕಂಗವರ್ಮನಿಂದ ಮುಂದಕ್ಕೆ ವರ್ಮ ಎಂಬುದು ಬರುತ್ತದೆ. ಅವನು ಮಾತ್ರ ಅಲ್ಲಿ ಮಯೂರಶರ್ಮನೇ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಅವನದೇ ಕಾಲದ ಮೂರು ಸಾಲಿನ ಚಿಕ್ಕ ಪ್ರಾಕೃತ ಶಾಸನವಿದೆ. ಅಲ್ಲಿಯೂ ಅವನು ಶರ್ಮನೇ. ಅರಸನಾದ ಮೇಲೂ ಅವನು ಅಪ್ಪ ಅಮ್ಮ ಇಟ್ಟ ಹೆಸರನ್ನು ತಿದ್ದಿಕೊಳ್ಳಲಿಲ್ಲ.

ನಮ್ಮ ತುಳುನಾಡಿಗೂ ಮಯೂರನಿಗೂ ಹಳೆಯ ನಂಟಿದೆ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನ 32 ಗ್ರಾಮಗಳಲ್ಲಿ ನೆಲೆಗೊಳಿಸಿದವನು ಮಯೂರವರ್ಮ ಎಂದು ಗ್ರಾಮಪದ್ಧತಿ ಎಂಬ ಗ್ರಂಥ ಹೇಳುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಈ ಕತೆ ಹೇಳುತ್ತಾರೆ. ಗ್ರಾಮಪದ್ಧತಿ ಮಯೂರಶರ್ಮನಿಗಿಂತ ಎಷ್ಟೋ ಶತಮಾನ ಈಚಿನದು. ಇತಿಹಾಸಕಾರರು ಅದನ್ನು ತಾಳಗುಂದದ ಶಾಸನದಷ್ಟು ನೆಚ್ಚುವುದಿಲ್ಲ. ಅವನು ಅಶ್ವಮೇಧಗಳನ್ನು ಮಾಡಿದ, ಕದಂಬರ ಮೂಲಪುರುಷ ಮೂರು ಕಣ್ಣಿನವನಾಗಿದ್ದ ಎಂಬಂಥ ಮಾತುಗಳೂ ಬಂದದ್ದು ಆಮೇಲಿನ ಕಾಲದಲ್ಲೇ. ಆದರೆ ಒಂದು ಮಾತು ನಿಜ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಕದಂಬರ ಕಾಲದ್ದು. ಬೇಲೂರು ತಾಲೂಕಿನಲ್ಲಿ ಸಿಕ್ಕಿದ ಈ ಕನ್ನಡ ಶಾಸನದಲ್ಲಿ ಆಳುಪ ಮನೆತನದ ಪಶುಪತಿ ಎಂಬವನ ಹೆಸರಿದೆ. ಆಳುಪರೆಂದರೆ ನಮ್ಮ ತುಳುನಾಡನ್ನು ಶತಮಾನಗಳ ಕಾಲ ಆಳಿದವರು. ಪಡುವಣ ಕಡಲು ಎಲ್ಲೆಯಾಗಿದ್ದ ಆ ರಾಜ್ಯದ ಗಾಳಿ ಘಟ್ಟದ ಕೆಳಗಿನ ನಮ್ಮ ಕಡೆಗೂ ಬೀಸಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬಹುದು. ಮಯೂರಶರ್ಮನ ಶಾಸನ ಪ್ರಾಕೃತದಲ್ಲಿದೆ, ಶಾಂತಿವರ್ಮನ ಕಾಲದ್ದು ಸಂಸ್ಕೃತದಲ್ಲಿದೆ, ಹಲ್ಮಿಡಿಯದು ಕನ್ನಡದಲ್ಲಿದೆ. ಮಯೂರ ಕನ್ನಡಕ್ಕಾಗಿ ಹೋರಾಡಿದ ಎಂದು ಹೇಳಲು ಆಧಾರವಿಲ್ಲ. ಆದರೆ ಅವನು ಕಟ್ಟಿಕೊಟ್ಟ ನೆಲೆಯಲ್ಲಿ, ಸುಮಾರು ನೂರು ವರ್ಷದೊಳಗೆ, ಊರಿನ ಜನರ ಮಾತು ಕಲ್ಲಿನ ಮೇಲೆ ಏರಿತು. ಇಂದು ಸರಕಾರ ಬನವಾಸಿಯಲ್ಲಿ ಕದಂಬೋತ್ಸವ ಮಾಡುತ್ತದೆ, ಕಾರವಾರದ ನೌಕಾನೆಲೆಗೆ ಕದಂಬ ಎಂದು ಹೆಸರಿದೆ, ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲುಗಳ ಮೇಲೆ ಮಯೂರ ಎಂಬ ಬೋರ್ಡು ಇದೆ.

ನಮ್ಮ ಊರುಗಳಿಂದ ದಿನಾ ಬೆಳಗ್ಗೆ ಬಸ್ಸು ಹಿಡಿದು ಪುತ್ತೂರಿಗೆ, ಮಂಗಳೂರಿಗೆ ಓದಲು ಹೋಗುವವರು ಎಷ್ಟೋ ಮಂದಿ. ಬೆಂಗಳೂರಿನ ಹಾಸ್ಟೆಲು, ಪಿಜಿಗಳಲ್ಲಿ ಇರುವವರು ಇನ್ನೆಷ್ಟೋ ಮಂದಿ. ಮಾತಿನ ಧಾಟಿಗೆ, ಹಾಕಿಕೊಂಡ ಬಟ್ಟೆಗೆ, ಇಂಗ್ಲಿಷ್ ಬಾರದ್ದಕ್ಕೆ, ಜಾತಿಗೆ, ಬಡತನಕ್ಕೆ ಒಂದಲ್ಲ ಒಂದು ದಿನ ಯಾರೋ ಒಬ್ಬರು ಕುದುರೆ ಮೇಲಿನಿಂದ ಮಾತಾಡುತ್ತಾರೆ. ಆ ಹೊತ್ತಿನಲ್ಲಿ ಕೆಲವರು ಓದು ಬಿಟ್ಟು ಮನೆಗೆ ಬರುತ್ತಾರೆ, ಕೆಲವರು ತಮ್ಮ ಜೀವಕ್ಕೇ ಮುನಿಯುತ್ತಾರೆ, ಕೆಲವರು ಹೊಡೆದಾಟಕ್ಕೆ ಹೋಗಿ ಭವಿಷ್ಯ ಹಾಳು ಮಾಡಿಕೊಳ್ಳುತ್ತಾರೆ. ನಮಗೆ ಇಂದು ಕತ್ತಿ ಬೇಡ, ಅದರ ಕಾಲ ಮುಗಿಯಿತು. ಆದರೆ ಸಿಟ್ಟನ್ನು ಒಂದು ದಿನದಲ್ಲಿ ಖರ್ಚು ಮಾಡದೆ ವರ್ಷಗಟ್ಟಲೆ ದುಡಿಸಿಕೊಳ್ಳುವುದು, ತನಗೆ ಅನುಕೂಲವಾದ ನೆಲ ಹುಡುಕಿ ನಿಲ್ಲುವುದು, ಬೇಕಾದದ್ದು ಸಿಕ್ಕಿದ ಮೇಲೆ ಹಗೆಯನ್ನು ಬಿಡುವುದು, ಈ ಮೂರನ್ನು ಮಯೂರನಿಂದ ಕಲಿಯಬಹುದು.

ಅರಸನಾದ ಮೇಲೆ ಅವನು ಏನು ಮಾಡಿದ ಎಂಬುದಕ್ಕೆ ಉತ್ತರ ಚಂದ್ರವಳ್ಳಿಯ ಆ ಮೂರು ಸಾಲುಗಳಲ್ಲೇ ಇದೆ. ಆ ಶಾಸನ ಅವನು ಅಲ್ಲಿ ಮಾಡಿಸಿದ ಒಂದು ಕೆರೆಯ ಕುರಿತಾದದ್ದು. ಇನ್ನೂ ಸ್ವಾರಸ್ಯವೆಂದರೆ, ಅವನ ಕತೆಯನ್ನೆಲ್ಲ ಹೇಳುವ ತಾಳಗುಂದದ ಕಂಬವನ್ನು ನೆಟ್ಟದ್ದೂ ಮಯೂರನನ್ನು ಹೊಗಳುವುದಕ್ಕೆಂದೇ ಅಲ್ಲ. ಮರಿಮೊಮ್ಮಗ ಕಾಕುಸ್ಥವರ್ಮ ಅಲ್ಲಿನ ಶಿವನ ಗುಡಿಯ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುವುದೇ ಅದರ ಮುಖ್ಯ ಕೆಲಸ. ಕೆರೆಯ ವಿಚಾರ ಹೇಳಹೊರಟ ಕವಿ, ಅದನ್ನು ಕಟ್ಟಿಸಿದ ಮನೆತನ ಹೇಗೆ ಶುರುವಾಯಿತು ಎಂದು ಹಿಂದಕ್ಕೆ ಹೋದ. ಹಾಗಾಗಿ ಕಂಚಿಯ ಜಗಳ, ಶ್ರೀಶೈಲದ ಕಾಡು, ಪಲ್ಲವರ ಪಟ್ಟ ಎಲ್ಲವೂ ನಮಗೆ ಸಿಕ್ಕಿತು. ಗುಡ್ಡ ಕೊರೆದು ಸುರಂಗ ತೋಡಿ ನೀರು ಕಂಡುಕೊಂಡ ವಿಟ್ಲ ಸೀಮೆಯವರಿಗೆ ನೀರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದ ಯುದ್ಧಗಳ ಲೆಕ್ಕವನ್ನು ಈಗ ಯಾರೂ ಇಟ್ಟಿಲ್ಲ. ಅಷ್ಟು ಹಿಂದಿನ ಒಬ್ಬ ಸಿಟ್ಟಿನ ಹುಡುಗನ ಬದುಕು ನಮ್ಮವರೆಗೆ ಬಂದದ್ದು ಒಂದು ಕೆರೆಯ ಲೆಕ್ಕದ ಜೊತೆಯಲ್ಲಿ.